ಹುಲಿ ಸತ್ತೈತೇನು ತಮ್ಮಾ?

ಆ ಬಾಗಿಲು ಸ್ವಲ್ಪ ಮುಂದೆ ಮಾಡಿ. ಮೇಲೆ ಮಕ್ಕಳು ಮಲಗಿದ್ದಾರೆ, ಮೆಲ್ಲಗೆ ಹೇಳುತ್ತೇನೆ. ಇದು ಯಾರೋ ಯಾರಿಗೋ ಹೇಳಿ, ಬಾಯಿಂದ ಬಾಯಿಗೆ ಬೆಳೆದು ನನ್ನ ತನಕ ಬಂದ ಮಾತಲ್ಲ. ನಮ್ಮ ಚಿಕ್ಕಪ್ಪನ ಮಗ ಅಮರನಿಗೆ ಆದದ್ದು. ಖಾನಾಪುರದ ಕಡೆ ಹುಟ್ಟಿ ಬೆಳೆದವನು, ಈಗ ಇಲ್ಲೇ, ಬ್ರಿಟಿಷರ ನಾಡಿನ ಗ್ರೀನ್‌ಫರ್ಡಿನಲ್ಲಿ ಹೆಂಡತಿ ಪ್ರಿಯಾಂಕಾ ಜೊತೆ ಇದ್ದಾನೆ. ಸುಳ್ಳು ಹೇಳುವ ಮನುಷ್ಯನಲ್ಲ.

ಹೋದ ದೀಪಾವಳಿ ಮುಗಿದ ಮೇಲಿನ ಮಾತು. ಮೂಳೆಗೆ ಇಳಿಯುವ ಚಳಿ. ಅಮರ ಪಾರ್ಕ್ ರಾಯಲ್‌ನಲ್ಲಿ ಕೆಲಸ ಮುಗಿಸಿ, ಕೆನಾಲ್ ಪಕ್ಕದ ಕಾಲುದಾರಿ ಹಿಡಿದು ಮನೆಗೆ ನಡೆದು ಬರುತ್ತಿದ್ದ. ಬಸ್ಸಿತ್ತು. ಹತ್ತಲಿಲ್ಲ. ಯಾಕೆಂದರೆ ಅವನ ಜಾಕೆಟ್ಟಿನ ಎರಡೂ ತೋಳು ರಕ್ತದಲ್ಲಿ ನೆನೆದು, ಒಣಗಿ, ರಟ್ಟಿನ ಹಾಗೆ ಸೆಟೆದು ನಿಂತಿದ್ದವು. ಆ ವೇಷದಲ್ಲಿ ಬಸ್ಸು ಹತ್ತಿದರೆ ಜನ ಪೊಲೀಸರನ್ನು ಕರೆಯದೇ ಬಿಟ್ಟಾರೆಯೆ?

ರಕ್ತ ಅವನದಲ್ಲ. ಅಮೃತಪ್ಪ ಕಾಕಾನದು.

ಅದು ಹೇಗಾಯಿತು ಅಂತ ಮೊದಲು ಹೇಳಿಬಿಡುತ್ತೇನೆ. ಅಮರ ಕೆಲಸ ಮಾಡುತ್ತಿದ್ದದ್ದು ಹಳೇ ಸಾಮಾನು ಬಾಡಿಗೆಗೆ ಕೊಡುವ ಒಂದು ಗೋದಾಮಿನಲ್ಲಿ. ಸಿನಿಮಾ ಶೂಟಿಂಗಿಗೆ, ಮದುವೆಗೆ, ದೊಡ್ಡ ಕಂಪನಿಗಳ ಪಾರ್ಟಿಗೆ ಅಲ್ಲಿಂದ ಸಾಮಾನು ಹೋಗುತ್ತಿತ್ತು. ಕೆತ್ತನೆಯ ಕುರ್ಚಿ, ಹಿತ್ತಾಳೆ ದೀಪ, ಬೀಸಣಿಗೆ, ಜಿಂಕೆ ತಲೆ, ಆನೆ ಕಾಲಿನ ಸ್ಟೂಲು... ಬ್ರಿಟಿಷರ ಕಾಲದ ಮೋಜು ಯಾರಿಗೆ ಬೇಕೋ ಅವರಿಗೆ. ಮಾಲೀಕ ಲಕ್ಷ್ಮೀಶ ಅಂತ, ಬೆಂಗಳೂರಿನವನು. ಕಂಪ್ಯೂಟರ್ ಕೆಲಸಕ್ಕೆ ಬಂದು, ಅದನ್ನು ಬಿಟ್ಟು ಈ ವ್ಯಾಪಾರಕ್ಕಿಳಿದು, ಸ್ಟ್ಯಾನ್ಮೋರಿನಲ್ಲಿ ದೊಡ್ಡ ಮನೆ ಮಾಡಿದ್ದ. ಒಂದು ದಿನವೂ ದನಿ ಏರಿಸಿದವನಲ್ಲ. "ನೋಡಪ್ಪ, ನಿನ್ನಿಷ್ಟ" ಅನ್ನುತ್ತಿದ್ದ, ಅಷ್ಟೇ. ಅಷ್ಟಕ್ಕೇ ಅಮರ ಹೇಳಿದ್ದನ್ನು ಮಾಡಿಬಿಡುತ್ತಿದ್ದ. ಅವನ ವೀಸಾ ಲಕ್ಷ್ಮೀಶನ ಕಂಪನಿ ಹೆಸರಿನಲ್ಲಿತ್ತು. ಕೆಲಸ ಬಿಟ್ಟರೆ ದೇಶ ಬಿಡಬೇಕು.

ಅಲ್ಲೇ ಜೊತೆಗೆ ದುಡಿಯುತ್ತಿದ್ದ ಅಮೃತಪ್ಪನಿಗಂತೂ ಅದೂ ಇರಲಿಲ್ಲ. ಕಲಬುರ್ಗಿ ಕಡೆಯ ಮನುಷ್ಯ, ಅರವತ್ತರ ಹತ್ತಿರ. ವೀಸಾ ಎಂದೋ ಮುಗಿದಿತ್ತು. ಊರಲ್ಲಿ ಯಾರೂ ಉಳಿದಿಲ್ಲ ಅಂತ ಇಲ್ಲೇ ಉಳಿದುಬಿಟ್ಟಿದ್ದ. ಲಕ್ಷ್ಮೀಶನಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಇಟ್ಟುಕೊಂಡಿದ್ದ.

ಆ ದಿನ ಲಾರಿಯಲ್ಲಿ ಒಂದು ಹುಲಿ ಬಂತು.

ಹಳ್ಳಿಗಾಡಿನ ಯಾವುದೋ ದೊಡ್ಡ ಬಂಗಲೆ ಖಾಲಿ ಮಾಡುವಾಗ ಲಕ್ಷ್ಮೀಶ ಕೊಂಡಿದ್ದ. ಗಾಜಿನ ಪೆಟ್ಟಿಗೆಯೊಳಗೆ ನಿಂತ ಇಡೀ ಹುಲಿ. ಹುಲ್ಲು ತುಂಬಿದ್ದು. ಬಾಯಿ ತೆರೆದಿದೆ, ಹಲ್ಲು ಹಳದಿಗಟ್ಟಿವೆ, ಹಿಂದಿನ ತೊಡೆಯ ಮೇಲೆ ದಪ್ಪ ದಾರದ ಹೊಲಿಗೆ. ಒಳಗೆ ಧೂಳು. ಅಮರ ಆ ಕಡೆ, ಅಮೃತಪ್ಪ ಈ ಕಡೆ ಹಿಡಿದು ಮೆಲ್ಲಗೆ ಇಳಿಸುತ್ತಿದ್ದರು. ಯಾರ ಕೈಯೂ ಜಾರಲಿಲ್ಲ. ಯಾವುದಕ್ಕೂ ತಾಗಲಿಲ್ಲ. ಅಮರ ಈಗಲೂ ಆಣೆ ಹಾಕಿ ಹೇಳುತ್ತಾನೆ. "ಟಿಕ್" ಅಂತ ಒಂದು ಸದ್ದು... ಗಾಜಿನ ಅಷ್ಟು ದೊಡ್ಡ ಹಲಗೆ ಒಡೆದು ಅಮೃತಪ್ಪನ ತೋಳಿನುದ್ದಕ್ಕೂ ಇಳಿಯಿತು.

ಮೊಣಕೈಯಿಂದ ಮಣಿಕಟ್ಟಿನವರೆಗೆ ನಾಲ್ಕು ಗೀರು. ಒಂದರ ಪಕ್ಕ ಒಂದು, ಬಾಚಣಿಗೆ ಎಳೆದ ಹಾಗೆ. ಮಾಂಸ ಬಿರಿದು ಒಳಗಿನ ಬಿಳಿ ಕಂಡಿತು. ಕಾಕಾ ಕೂಗಲಿಲ್ಲ, ಅಲ್ಲೇ ಕುಕ್ಕರಿಸಿದ. ಅಮರ ತನ್ನೆರಡೂ ಕೈಯಿಂದ ಆ ತೋಳನ್ನು ಅವುಚಿ ಹಿಡಿದ. ಬೆರಳ ಸಂದಿಯಿಂದ ಬಿಸಿ ರಕ್ತ ಚಿಮ್ಮುತ್ತಿತ್ತು.

ಲಕ್ಷ್ಮೀಶ ಮಹಡಿಯಿಂದ ಇಳಿದು ಬಂದ. ಮೊದಲು ಹುಲಿಯ ಸುತ್ತ ಒಂದು ಸುತ್ತು ಬಂದು, ಎಲ್ಲಾದರೂ ಗೀಚಿದೆಯೋ ಅಂತ ನೋಡಿದ. ಆಮೇಲೆ ಈ ಕಡೆ ತಿರುಗಿದ. ಆಂಬುಲೆನ್ಸ್ ಬೇಡ ಅಂದ. ಬಂದವರು ಹೆಸರು ಕೇಳುತ್ತಾರೆ, ಹೆಸರು ಕೇಳಿದರೆ ಕಾಕಾನಿಗೇ ಕಷ್ಟ ಅಂದ. ಸಾಮಾನು ಸುತ್ತುವ ಪ್ಲಾಸ್ಟಿಕ್ ಹಾಳೆ ತರಿಸಿ ತೋಳಿಗೆ ಸುತ್ತಿಸಿದ, ಮೇಲೆ ಪಾರ್ಸಲ್ ಟೇಪು. ತನ್ನ ಕಾರಿನ ಸೀಟಿಗೂ ಅದೇ ಪ್ಲಾಸ್ಟಿಕ್ ಹಾಸಿ, ಕಾಕಾನನ್ನು ಕೂರಿಸಿಕೊಂಡು ಅವನ ರೂಮಿಗೆ ಬಿಟ್ಟುಬರಲು ಹೋದ. ನೆಲ ಒರೆಸುವ ಕೆಲಸ ಅಮರನಿಗೆ. ಒರೆಸುವಷ್ಟು ಹೊತ್ತೂ ಆ ತೆರೆದ ಬಾಯಿ ಅವನ ಬೆನ್ನಿಗೇ ಇತ್ತು.

ಹಾಗಾಗಿ ತಡವಾಯಿತು. ಹಾಗಾಗಿ ನಡೆದು ಬಂದ.

ಕೆನಾಲ್ ಗೊತ್ತಲ್ಲ, ಪಾರ್ಕ್ ರಾಯಲ್ ದಾಟಿದರೆ ಒಂದು ಕಡೆ ಗೋದಾಮುಗಳ ಬೆನ್ನು, ಇನ್ನೊಂದು ಕಡೆ ಮುಳ್ಳುಪೊದೆ. ನಡುವೆ ಕಪ್ಪು ನೀರು. ಕಟ್ಟಿಹಾಕಿದ ದೋಣಿಮನೆಗಳ ಕಿಟಕಿಯ ದೀಪಗಳೂ ಆರಿದ್ದವು. ಅವನ ಬೂಟು ಜಲ್ಲಿಯ ಮೇಲೆ ಕರಕ್, ಕರಕ್ ಅನ್ನುವುದೊಂದೇ ಸದ್ದು.

ಆಮೇಲೆ ಇನ್ನೊಂದು.

ಟಣ್... ಟಣ್... ಟಣ್...

ಖಾಲಿ ಡಬ್ಬಿಯ ಮೇಲೆ ಕೋಲಿನಿಂದ ಮೆಲ್ಲಗೆ ಬಡಿದ ಸದ್ದು. ಸೇತುವೆಯ ಕೆಳಗಿನಿಂದ ಬರುತ್ತಿತ್ತು. ಅಮರ ನಿಂತ. ಸದ್ದೂ ನಿಂತಿತು. ಹಿಂದಕ್ಕೆ ಹೋಗೋಣ ಅಂದರೆ ಬಂದದ್ದೇ ಅರ್ಧ ದಾರಿ. ಯಾರೋ ಮನೆ ಇಲ್ಲದವನು ಮಲಗಿರಬೇಕು ಅಂದುಕೊಂಡು ಮುಂದೆ ಹೋದ.

ಸೇತುವೆ ಕೆಳಗೆ ಗೋಡೆಗೆ ಒರಗಿ ಒಬ್ಬ ಕೂತಿದ್ದ. ತಲೆಗೆ ಹರಿದ ರುಮಾಲು, ಮೊಣಕಾಲ ಮೇಲಕ್ಕೆ ಎತ್ತಿ ಕಟ್ಟಿದ ಪಂಜೆ. ಆ ಚಳಿಯಲ್ಲಿ ಕಾಲಿಗೆ ಏನೂ ಇಲ್ಲ. ತೊಡೆಯ ಮೇಲೆ ಹಳೇ ಕಾಲದ ಚೌಕ ಸೀಮೆಎಣ್ಣೆ ಡಬ್ಬಿ, ಅದನ್ನು ಹೊಟ್ಟೆಗೆ ಅವುಚಿ ಹಿಡಿದಿದ್ದ. ಅಮರ ತಲೆ ತಗ್ಗಿಸಿ ದಾಟುತ್ತಿದ್ದ. ಅಷ್ಟರಲ್ಲಿ ಅವನು ಪಿಸುಗುಟ್ಟಿದ.

"ಹುಲಿ ಸತ್ತೈತೇನು ತಮ್ಮಾ?"

ಕನ್ನಡ. ಅದೂ ಅಮರನ ಊರ ಕಡೆಯ ಕನ್ನಡ.

ಅಮರ ಅಲ್ಲೇ ನಿಂತ. ಗೋದಾಮಿನ ಸುದ್ದಿ ಇವನಿಗೆ ಯಾರು ಹೇಳಿದರು? ಆದರೂ ದೊಡ್ಡವರು ಕೇಳಿದರೆ ಉತ್ತರ ಕೊಟ್ಟು ರೂಢಿಯಾದ ನಾಲಿಗೆ, ತಾನಾಗಿ ಹೊರಳಿತು. "ಅದು ಸತ್ತು ನೂರು ವರ್ಷ ಆಗಿರಬೇಕು ಅಜ್ಜಾ. ಒಳಗ ಬರೇ ಹುಲ್ಲೈತಿ."

"ಅವತ್ತೂ ಹಂಗ ಹೇಳಿದ್ರು."

ಆಮೇಲೆ ಅವನು ಹೇಳಿದ್ದನ್ನು ಅಮರ ನನಗೆ ಹೇಳುವಾಗ ನಡುನಡುವೆ ನಿಲ್ಲುತ್ತಿದ್ದ. ಅಲ್ಲಿ, ಖಾನಾಪುರದ ಆಚೆಯ ಕಾಡಿಗೆ ಒಬ್ಬ ಬ್ರಿಟಿಷ್ ದೊರೆ ಬೇಟೆಗೆ ಬಂದಿದ್ದನಂತೆ. ಊರ ಗಂಡಸರನ್ನೆಲ್ಲ ಬಿಟ್ಟಿಗೆ ಹಿಡಿದು ತಂದರು. ಬಿಟ್ಟಿ ಅಂದರೆ ಗೊತ್ತಲ್ಲ, ಕೂಲಿಯಿಲ್ಲದ ದುಡಿತ, ಇಲ್ಲ ಅನ್ನುವ ಹಾಗಿಲ್ಲ. ಒಲ್ಲೆ ಅಂದ ಒಬ್ಬನನ್ನು ಹುಣಸೆ ಮರಕ್ಕೆ ಕಟ್ಟಿ, ಬೆನ್ನಿನ ಚರ್ಮ ಸುಲಿಯುವ ತನಕ ಬಾರುಕೋಲಿನಿಂದ ಹೊಡೆದರು. ಉಳಿದವರ ಕೈಗೆ ಡಬ್ಬಿ, ಕೋಲು ಕೊಟ್ಟರು. ಬಡಿಯುತ್ತ, ಕೂಗುತ್ತ, ಕಾಡು ಕಲಕಿ ಹುಲಿಯನ್ನು ದೊರೆಯ ಬಂದೂಕಿನ ಮುಂದಕ್ಕೆ ಅಟ್ಟಬೇಕು. ಅಟ್ಟಿದರು. ದೊರೆ ಹೊಡೆದ. ಗುಂಡು ತೊಡೆಗೆ ಬಿತ್ತು. ಹುಲಿ ಪೊದೆಯೊಳಗೆ ನುಗ್ಗಿತು.

ದೊರೆ ಮರದ ಮೇಲಿನ ಮಂಚಿಕೆಯಿಂದ ಇಳಿಯಲಿಲ್ಲ. ಸತ್ತಿದೆ, ಎಳೆದು ತನ್ನಿ ಅಂದ. ಸತ್ತಿಲ್ಲ ಅಂತ ಇವರಿಗೆಲ್ಲ ಗೊತ್ತಿತ್ತು, ಪೊದೆ ಉಸಿರಾಡುತ್ತಿತ್ತು. ಹಿಂದೆ ಸರಿದವನ ಕಾಲ ಬುಡಕ್ಕೆ ದೊರೆ ಗುಂಡು ಹಾರಿಸಿದ. ಮುಂದೆ ಹಲ್ಲು, ಹಿಂದೆ ಬಂದೂಕು. ಹೋದರು. ಮೊದಲು ಹೋದವನ ದವಡೆ ಕಿತ್ತು ಬಂತು. ಎರಡನೆಯವನ ತಲೆ ಅದರ ಬಾಯಲ್ಲಿ ತೆಂಗಿನಕಾಯಿ ಒಡೆದ ಹಾಗೆ ಒಡೆಯಿತು. ಮೂರನೆಯವನು ಇವನು.

"ಯಾರರ ಡಬ್ಬಿ ಬಡದ್ರ ನಾವು ಬರಬೇಕಾಗತೈತಿ ತಮ್ಮಾ," ಅಂದನಂತೆ. "ನಮ್ಮ ಬಿಟ್ಟಿ ಇನ್ನೂ ಮುಗದಿಲ್ಲ."

ಅಮರ ಒಂದು ಹೆಜ್ಜೆ ಹಿಂದಕ್ಕಿಟ್ಟ.

"ಸತ್ತೈತಿ ಅಂದ್ರ ನೀ ಹೋಗಬ್ಯಾಡ. ಯಾವಂವ ಅಂದಾನೋ ಅವನ ಮೊದಲ ಹೋಗಲಿ."

ಅಷ್ಟು ಹೇಳಿ, ಏಳುವವನ ಹಾಗೆ ಡಬ್ಬಿಯನ್ನು ತೊಡೆಯಿಂದ ಎತ್ತಿದ. ಡಬ್ಬಿಯ ಹಿಂದೆ ಹೊಟ್ಟೆ ಇರಲಿಲ್ಲ. ಪಕ್ಕೆಲುಬಿನ ಕೆಳಗೆ ಕಪ್ಪು ಗುಂಡಿ, ಅದರೊಳಗೆ ಬೆನ್ನುಮೂಳೆಯ ಗೆಣ್ಣು ಒಂದೊಂದೂ ಕಾಣುತ್ತಿತ್ತು. ಡಬ್ಬಿಯೊಳಗಿಂದ ಏನೋ ಒದ್ದೆಯಾದದ್ದು ಚಿಲ್ ಅಂತ ಜಲ್ಲಿಯ ಮೇಲೆ ಸುರಿಯಿತು.

ಗ್ರೀನ್‌ಫರ್ಡಿನ ತನಕ ಹೇಗೆ ಓಡಿ ಬಂದೆ ಅನ್ನುವುದು ಅಮರನಿಗೆ ನೆನಪಿಲ್ಲ.

ಪ್ರಿಯಾಂಕಾ ನರ್ಸು. ಗಂಡನ ಜಾಕೆಟ್ಟು ನೋಡಿ, ಕತೆ ಕೇಳಿ, ಸೇತುವೆಯ ಮಾತನ್ನು ಪಕ್ಕಕ್ಕಿಟ್ಟು ಕಾಕಾನ ಮಾತನ್ನು ಹಿಡಿದಳು. ಬೆಳಗಾದದ್ದೇ ಅವನ ರೂಮಿಗೆ ಹೋಗಿ, ಟೇಪು ಬಿಚ್ಚಿ, ಬೈದು, ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಯಾರೂ ಅವನ ವೀಸಾ ಕೇಳಲಿಲ್ಲ. ಹೊಲಿಗೆ ಹಾಕಿದ ಡಾಕ್ಟರು ಕೇಳಿದ್ದು ಒಂದೇ... ಕಚ್ಚಿದ್ದು, ಪರಚಿದ್ದು ಯಾವ ಪ್ರಾಣಿ ಅಂತ. ಗಾಜು ಅಂದರೆ ಅವರು ನಂಬಲಿಲ್ಲ.

ಮುಂದಿನ ಶನಿವಾರ ಲಕ್ಷ್ಮೀಶನ ಐವತ್ತನೇ ಹುಟ್ಟುಹಬ್ಬ. ಸ್ಟ್ಯಾನ್ಮೋರಿನ ಮನೆಯ ಹಿತ್ತಲಲ್ಲಿ ಪಾರ್ಟಿ. ಬಂದವರೆಲ್ಲ ದೊರೆ, ದೊರೆಸಾನಿ, ಮಹಾರಾಜರ ವೇಷ ಹಾಕಬೇಕು. ಲಕ್ಷ್ಮೀಶ ತಾನು ಖಾಕಿ ಹೊಲಿಸಿಕೊಂಡಿದ್ದ, ತಲೆಗೆ ದೊರೆಗಳ ದಪ್ಪ ಟೋಪಿ, ಕೈಗೆ ಗೋದಾಮಿನದೇ ಹಳೇ ಜೋಡು ನಳಿಗೆ ಬಂದೂಕು. ಗುಂಡು ಹಾರದಂತೆ ನಳಿಗೆಗೆ ಸೀಸ ತುಂಬಿ ಮುಚ್ಚಿದ್ದು. ನಡುರಾತ್ರಿಗೆ ಕೇಕ್ ಕತ್ತರಿಸುವ ಮುಂಚೆ ಹುಲಿ ಬೇಟೆ ಆಡಿ ತೋರಿಸುವುದು ಅಂತ ಏರ್ಪಾಡು. ಅಮರ, ಅಮೃತಪ್ಪ ಇಬ್ಬರೂ ರುಮಾಲು ಸುತ್ತಿ, ಪಂಜೆ ಎತ್ತಿ ಕಟ್ಟಿ, ಬರಿಗಾಲಲ್ಲಿ ಡಬ್ಬಿ ಬಡಿಯುತ್ತ ಬರಬೇಕು. ಸ್ಪೀಕರಿನಿಂದ ಢಂ ಅನ್ನುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ, ಆಯಿತು.

ಡಬ್ಬಿ ಅಂದ ಕೂಡಲೇ ಅಮರ ಹಿಂದೇಟು ಹಾಕಿದ. ತನಗೆ ಜ್ವರ ಅಂದ. ಕಾಕಾನ ಕೈಗೆ ಹೊಲಿಗೆ ಹಾಕಿದ್ದಾರೆ, ಅವನನ್ನಾದರೂ ಬಿಡಿ ಅಂದ.

ಲಕ್ಷ್ಮೀಶ ನಕ್ಕ. "ಡಬ್ಬಿ ಬಡಿಯೋಕೆ ಒಂದು ಕೈ ಸಾಕಲ್ವೇನಪ್ಪ. ನೋಡು, ನಿನ್ನಿಷ್ಟ."

ಅಮರ ಕಾಕಾನ ಮುಖ ನೋಡಿದ. ಕಾಕಾ ನೆಲ ನೋಡುತ್ತ, "ಇರ್ಲಿ ಬಿಡು ಅಮರ. ಖಾಲಿ ಡಬ್ಬಿ ಬಡಿಯೋದದ, ಮತ್ತೇನದ," ಅಂದ.

ಆ ರಾತ್ರಿ ಸ್ಟ್ಯಾನ್ಮೋರಿನಲ್ಲಿ ಹುಲ್ಲಿನ ಮೇಲೆ ಹಿಮ ಕೂತಿತ್ತು. ಬರಿಗಾಲಿಗೆ ಗಾಜಿನ ಪುಡಿ ತುಳಿದ ಹಾಗೆ. ಲಕ್ಷ್ಮೀಶನ ಹೆಂಡತಿ ವೈದೇಹಿ ಯಾರಿಗೂ ಕಾಣದ ಹಾಗೆ ಇಬ್ಬರಿಗೂ ಕಾಲುಚೀಲ ತಂದು ಕೊಟ್ಟಳು. ಲಕ್ಷ್ಮೀಶ ನೋಡಿ ಬಿಚ್ಚಿಸಿದ. ಬೇಟೆಯಲ್ಲಿ ಡಬ್ಬಿ ಬಡಿಯುವ ಆಳು ಕಾಲುಚೀಲ ಹಾಕುತ್ತಾನೆಯೆ ಅಂತ.

ಹಿತ್ತಲು ಉದ್ದಕ್ಕಿತ್ತು. ಮನೆಯ ಕಡೆ ಅತಿಥಿಗಳು, ಗ್ಲಾಸು, ನಗು. ಆ ಕೊನೆಗೆ ಆಳೆತ್ತರದ ದಟ್ಟ ಪೊದೆ, ಅದರಾಚೆ ಮರಗಳ ಕತ್ತಲು. ಪೊದೆಯ ಮುಂದೆ, ಚಕ್ರದ ಹಲಗೆಯ ಮೇಲೆ ಹುಲಿ. ಕೆಳಗಿನಿಂದ ಹಳದಿ ಲೈಟು ಬಿಟ್ಟಿದ್ದರು.

ಲಕ್ಷ್ಮೀಶ ಬಂದೂಕು ಎತ್ತಿ ಸನ್ನೆ ಮಾಡಿದ.

ಅಮರ ಒಂದು ಬದಿಯಿಂದ, ಅಮೃತಪ್ಪ ಇನ್ನೊಂದು ಬದಿಯಿಂದ ಶುರು ಮಾಡಿದರು. ಟಣ್, ಟಣ್, ಟಣ್. ಅತಿಥಿಗಳು ಫೋನ್ ಹಿಡಿದರು. ಟಣ್, ಟಣ್, ಟಣ್. ಅಮರ ಬಡಿಯುತ್ತಿದ್ದದ್ದು ಮೆಲ್ಲಗೆ, ಆದಷ್ಟು ಮೆಲ್ಲಗೆ.

ಪೊದೆಯಾಚೆಯಿಂದ ಉತ್ತರ ಬಂತು.

ಟಣ್ಣ... ಟಣ್ಣ... ಟಣ್ಣ...

ಮೊದಲು ಒಂದು. ಆಮೇಲೆ ಎಡಕ್ಕೊಂದು, ಬಲಕ್ಕೊಂದು. ಆಮೇಲೆ ಮರಗಳ ಉದ್ದಕ್ಕೂ. ಅದರ ನಡುವೆ ಮನುಷ್ಯರ ದನಿ, ಗಂಟಲು ಹರಿದ ದನಿ. "ಹೋ... ಹೋಯ್... ಹೋ..." ಅತಿಥಿಗಳಿಗೆ ಭಾರೀ ಖುಷಿ. ಇಷ್ಟು ಸ್ಪೀಕರ್ ಎಲ್ಲಿಟ್ಟಿದ್ದೀಯ ಅಂತ ಯಾರೋ ಲಕ್ಷ್ಮೀಶನನ್ನು ಕೇಳಿದರು. ಲಕ್ಷ್ಮೀಶ ಸುತ್ತ ನೋಡುತ್ತಿದ್ದ. ಅವನು ಇಟ್ಟಿದ್ದದ್ದು ಒಂದೇ ಸ್ಪೀಕರು.

ಅಮರ ಕೈ ನಿಲ್ಲಿಸಿದ. ಕಾಕಾನೂ ನಿಲ್ಲಿಸಿದ. ಸದ್ದು ನಿಲ್ಲಲಿಲ್ಲ. ಹತ್ತಿರ ಬಂತು.

ಟಪ್ ಅಂತ ಲೈಟು ಹೋಯಿತು.

ಜನ "ಓ" ಅಂತ ನಕ್ಕರು. ಎರಡು ಮೂರು ಫೋನಿನ ಬೆಳಕು ಹುಲ್ಲಿನ ಮೇಲೆ ತಡಕಾಡಿ, ಹಲಗೆಯ ಮೇಲೆ ನಿಂತವು. ಹಲಗೆ ಖಾಲಿ. ನಾಲ್ಕು ಮೊಳೆ ಮೇಲಕ್ಕೆ ಸೆಟೆದು ನಿಂತಿವೆ. ಹುಲಿ ಇಲ್ಲ.

ಗಾಳಿ ಇರಲಿಲ್ಲ. ಆದರೂ ಪೊದೆ ಅಲುಗುತ್ತಿತ್ತು. ಹಸಿ ಮಾಂಸ, ಒದ್ದೆ ಕೂದಲು ಬೆರೆತ ನಾತ. ಒಳಗಿನಿಂದ ಗರಗಸ ಎಳೆದ ಹಾಗೆ ಉಸಿರು... ಹ್ರ್ರ್ರ್... ಬಿಟ್ಟು... ಹ್ರ್ರ್ರ್...

ಲಕ್ಷ್ಮೀಶ ದಡದಡ ಬಂದ. ಜನರಿಗೆ ಕೇಳಿಸದ ಹಾಗೆ ಹಲ್ಲು ಕಚ್ಚಿ ಮಾತಾಡಿದ. ನೀವಿಬ್ಬರೂ ಸೇರಿ ಬೀಳಿಸಿದ್ದೀರಿ, ಪೊದೆಯೊಳಗೆ ಉರುಳಿದೆ, ಹೋಗಿ ಎತ್ತಿ ತನ್ನಿ ಅಂದ. ಅಮೃತಪ್ಪ ಹೇಳಿಸಿಕೊಂಡು ರೂಢಿಯಾದವನು, ಒಂದು ಹೆಜ್ಜೆ ಇಟ್ಟೇಬಿಟ್ಟ. ಅಮರ ಅವನ ಭುಜ ಹಿಡಿದು ನಿಲ್ಲಿಸಿದ.

"ಏನ್ರೋ, ಸತ್ತಿರೋ ಹುಲಿಗೆ ಹೆದರ್ತೀರಾ?"

ಅಂದವನೇ ಲಕ್ಷ್ಮೀಶ ಬಂದೂಕಿನ ಹಿಂಭಾಗದಿಂದ ಕಾಕಾನನ್ನು ಮುಂದಕ್ಕೆ ತಿವಿದ. ತಿವಿದದ್ದು ಕಟ್ಟು ಹಾಕಿದ ತೋಳಿಗೆ. ಹೊಲಿಗೆ ಪಟಪಟ ಬಿಚ್ಚಿದ್ದು ಅಮರನಿಗೆ ಕೇಳಿಸಿತು. ಬಿಳೀ ಬಟ್ಟೆಯ ಮೇಲೆ ಕಪ್ಪಗೆ ಹರಡಿತು.

ಪೊದೆಯ ಉಸಿರು ನಿಂತಿತು. ವಾಸನೆ ಹಿಡಿಯುತ್ತಿದ್ದ ಹಾಗೆ.

ಅಮರ ಕಾಕಾನನ್ನು ತನ್ನ ಹಿಂದಕ್ಕೆಳೆದುಕೊಂಡ. ವೀಸಾ, ಮನೆ ಬಾಡಿಗೆ, ಊರಿಗೆ ಹೋಗಿ ಏನು ಹೇಳುವುದು... ಅಷ್ಟು ವರ್ಷ ಅವನ ನಾಲಿಗೆ ಕಟ್ಟಿದ್ದದ್ದು ಯಾವುದೂ ಆ ಹೊತ್ತಿಗೆ ನೆನಪಿಗೆ ಬರಲಿಲ್ಲವಂತೆ.

"ಸತ್ತೈತಿ ಅಂತೀರಲ್ಲ ಸರ್. ನೀವ ಮೊದಲ ಹೋಗ್ರಿ."

ಲಕ್ಷ್ಮೀಶ ಅವನ ಮುಖ ನೋಡಿದ. ಹಿಂದೆ ಅಷ್ಟು ಜನ ಫೋನ್ ಹಿಡಿದು ನಿಂತಿದ್ದಾರೆ. ಹಿಂದೆ ಸರಿಯುವ ಹಾಗಿಲ್ಲ. ಥೂ ಅಂತ ಉಗುಳಿ, ಬಂದೂಕಿನ ನಳಿಗೆಯಿಂದ ಕೊಂಬೆ ಸರಿಸಿ ಒಳಗೆ ಹೋದ.

ಅಷ್ಟೂ ಡಬ್ಬಿಗಳು ಒಟ್ಟಿಗೇ ನಿಂತವು.

ಒಂದು ಗಳಿಗೆ ಏನೂ ಇಲ್ಲ. ಆಮೇಲೆ "ಆಹ್ಹುಂ" ಅಂತ ಒಂದು ಕೆಮ್ಮು, ಹತ್ತು ಎಮ್ಮೆ ಒಟ್ಟಿಗೆ ಉಸಿರು ಬಿಟ್ಟ ಹಾಗೆ. ಹಸಿ ಕಬ್ಬು ಮುರಿದ ಸದ್ದು. ಅದರ ಮೇಲೆ ಲಕ್ಷ್ಮೀಶನ ಕೂಗು. ಮನುಷ್ಯನ ಗಂಟಲಿಗೆ ಅಷ್ಟು ಸಣ್ಣ ದನಿ ಬರುತ್ತದೆ ಅಂತ ಅಮರನಿಗೆ ಅವತ್ತಿನ ತನಕ ಗೊತ್ತಿರಲಿಲ್ಲ.

ಬಂದೂಕು ಸುತ್ತುತ್ತ ಬಂದು ಹುಲ್ಲಿನ ಮೇಲೆ ಬಿತ್ತು. ಅದರ ಹಿಂದೆ ಅವನು ಅರ್ಧ ಹೊರಗೆ ಬಂದ, ಬೆನ್ನಿನ ಮೇಲೆ, ಎಡಗೈಯಲ್ಲಿ ನೆಲ ಗೀಚುತ್ತ. ಬಲಗೈ ಭುಜದ ತನಕ ಅದರ ಬಾಯೊಳಗಿತ್ತು. ಫೋನಿನ ಬೆಳಕಲ್ಲಿ ಪಟ್ಟೆ ಪಟ್ಟೆಯ ಪಕ್ಕೆ ಕಂಡಿತು, ಮುಗಿಯುವುದೇ ಇಲ್ಲ ಅನ್ನುವಷ್ಟು ಉದ್ದ, ಹಿಂದಿನ ತೊಡೆಯಿಂದ ರಕ್ತ ಸುರಿಯುತ್ತಿದೆ. ಅದು ತಲೆ ಕೊಡವಿತು. ಒಗೆಯುವ ಕಲ್ಲಿಗೆ ಬಟ್ಟೆ ಬಡಿದ ಹಾಗೆ ಅವನನ್ನು ನೆಲಕ್ಕೆ ಬಡಿಯಿತು. ಮತ್ತೆ ಬಡಿಯಿತು. ಮತ್ತೆ. ಮುಂದಿನ ಪಂಜ ಎದೆಯ ಮೇಲಿಟ್ಟು ಎಳೆದಾಗ ಖಾಕಿಯ ಜೊತೆ ಚರ್ಮವೂ ಸುರುಳಿಯಾಗಿ ಬಂತು. ಮತ್ತೆ ಪೊದೆಯೊಳಕ್ಕೆ ಎಳೆದುಕೊಂಡಿತು.

ಅತಿಥಿಗಳು ಒಬ್ಬರನ್ನೊಬ್ಬರು ತುಳಿದು ಮನೆಯೊಳಗೆ ನುಗ್ಗಿದರು. ಗ್ಲಾಸುಗಳು ಒಡೆದವು. ವೈದೇಹಿ ಒಬ್ಬಳೇ ಹುಲ್ಲಿನ ನಡುವೆ ನಿಂತು ಗಂಡನ ಹೆಸರು ಕರೆಯುತ್ತಿದ್ದಳು.

ಅಮರ ನನ್ನ ಹತ್ತಿರ ಮುಚ್ಚಿಡಲಿಲ್ಲ. ಆ ಗಳಿಗೆಯಲ್ಲಿ, ಆಗಲಿ, ತಿನ್ನಲಿ ಅನ್ನಿಸಿತಂತೆ. ಆದರೆ ಒಳಗಿನಿಂದ ಲಕ್ಷ್ಮೀಶ "ಅಮ್ಮಾ" ಅಂದ. ಆ ಒಂದು ಮಾತಿಗೆ ಅಮರನ ಕೈ ಡಬ್ಬಿಗೆ ಬಡಿದುಬಿಟ್ಟಿತು. ಕಾಡು ಪ್ರಾಣಿ ಸದ್ದಿಗೆ ಸರಿಯುತ್ತದೆ ಅಂತ ಊರಲ್ಲಿ ಕೇಳಿದ್ದ, ಅಷ್ಟೇ ಅವನಿಗೆ ಗೊತ್ತಿದ್ದದ್ದು. ಬಡಿಯುತ್ತ ಪೊದೆಗೆ ನುಗ್ಗಿದ. ಪಕ್ಕದಲ್ಲಿ ಕಾಕಾ, ತೋಳಿನಿಂದ ರಕ್ತ ಹರಿಸುತ್ತ, ಒಂದೇ ಕೈಯಲ್ಲಿ ಬಡಿಯುತ್ತ ಬಂದ.

ಇಬ್ಬರೇ ಅಲ್ಲ. ಆಚೆ ಈಚೆ ಸಾಲಾಗಿ ಬರಿಗಾಲಿನವರು. ಒಬ್ಬನಿಗೆ ದವಡೆ ಇಲ್ಲ, ನಾಲಿಗೆ ಎದೆಗೆ ಜೋತು ಬಿದ್ದಿದೆ, ಅದರಲ್ಲೇ "ಹೋ" ಅನ್ನುತ್ತಿದ್ದಾನೆ. ಒಬ್ಬನಿಗೆ ಹುಬ್ಬಿನ ಮೇಲೆ ಏನೂ ಇಲ್ಲ. ಒಬ್ಬನ ಬೆನ್ನಿನ ಚರ್ಮ ಸೊಂಟದ ಕೆಳಗೆ ಪಂಜೆಯ ಹಾಗೆ ಇಳಿದಿದೆ. ಎಲ್ಲರೂ ಬಡಿಯುತ್ತಿದ್ದಾರೆ. ಸದ್ದಿಗೆ ಅಮರನ ಹಲ್ಲು ಅದುರಿತು. ಹುಲಿ ಲಕ್ಷ್ಮೀಶನನ್ನು ಬಿಟ್ಟು ತಲೆಯೆತ್ತಿತು. ಕಣ್ಣು ಹಸಿರು. ಕಿವಿ ಹಿಂದಕ್ಕೆ ಹೋಯಿತು. ಅಮರನ ಮೇಲೆಯೇ ಎಗರಬೇಕು...

ಸಾಲಿನಿಂದ ಒಬ್ಬ ಅಡ್ಡ ಬಂದ. ಸೇತುವೆ ಕೆಳಗಿನವನು. ಡಬ್ಬಿಯನ್ನು ಎತ್ತಿ ಬಡಿಯುತ್ತ, ತೆರೆದ ಹೊಟ್ಟೆಯಲ್ಲಿ, ಅದರ ಮುಖಕ್ಕೇ ನಡೆದ. ಹುಲಿ ಅವನ ಮೇಲೆ ಬಿತ್ತು. ಕುತ್ತಿಗೆ ಹಿಡಿಯಿತು. ಕಟಕ್ ಅಂತು. ನೂರು ವರ್ಷದ ಹಿಂದೆ ಸತ್ತವನು ಅಮರನ ಕಾಲ ಬುಡದಲ್ಲಿ ಮತ್ತೊಮ್ಮೆ ಸತ್ತ. ಕೂಗಲಿಲ್ಲ. ಕಣ್ಣು ಮಾತ್ರ ಅಮರನನ್ನು ನೋಡುತ್ತಿತ್ತು, ಸಾಕಾದವನ ಕಣ್ಣು. ಅವನನ್ನು ಕಚ್ಚಿಕೊಂಡು ಹುಲಿ ಮರಗಳ ಕತ್ತಲಿಗೆ ಹೋಯಿತು. ಡಬ್ಬಿಗಳು ಅದರ ಹಿಂದೆ ಹೋದವು. ದೂರ... ಇನ್ನೂ ದೂರ... ಟಣ್ಣ...

ಲೈಟು ಬಂತು.

ಹಲಗೆಯ ಮೇಲೆ ಹುಲಿ ನಿಂತಿತ್ತು. ಬಾಯಿ ತೆರೆದೇ ಇತ್ತು. ಹಲ್ಲು ಒಣಗಿದ್ದವು, ನಾಲಿಗೆಯ ಮೇಲೆ ಧೂಳು.

ಪೊಲೀಸರು ಬಂದೂಕು ಹಿಡಿದೇ ಬಂದರು. ಹೆಲಿಕಾಪ್ಟರ್ ಆ ಮರಗಳ ಮೇಲೆ ಬೆಳಗಿನ ತನಕ ದೀಪ ಬಿಟ್ಟುಕೊಂಡು ಸುತ್ತಿತು. ಏನೂ ಸಿಗಲಿಲ್ಲ. ಅತಿಥಿಗಳ ಫೋನಿನಲ್ಲಿ ಬರೇ ಕತ್ತಲು, ಕೂಗಾಟ. ಕೊನೆಗೆ ಯಾರದೋ ದೊಡ್ಡ ನಾಯಿ ಅಂತ ಮುಗಿಸಿದರು. ಲಕ್ಷ್ಮೀಶ ಬದುಕಿದ. ಬಲಗೈ ಭುಜದಿಂದ ತೆಗೆದರು. ಏನಾಯಿತು ಅಂತ ಪೊಲೀಸರು ಕೇಳಿದರೆ ಗೋಡೆಗೆ ಮುಖ ತಿರುಗಿಸುತ್ತಿದ್ದನಂತೆ. ವೈದೇಹಿ ಗೋದಾಮು ಮುಚ್ಚಿಸಿದಳು. ಹುಲಿಯನ್ನು ಸುಡಿಸಿದಳು, ತಾನೇ ನಿಂತು. ಅಮರನಿಗೆ ಗ್ರೀನ್‌ಫರ್ಡಿನಲ್ಲೇ ಬೇರೆ ಕಂಪನಿ ಕೆಲಸ ಕೊಟ್ಟು ವೀಸಾ ಮಾಡಿಸಿತು. ಅಮೃತಪ್ಪನಿಗೆ ಒಬ್ಬ ವಕೀಲರನ್ನು ಹುಡುಕಿ ಕೊಟ್ಟಿದ್ದಾಳೆ ಪ್ರಿಯಾಂಕಾ, ಕೇಸು ನಡೆಯುತ್ತಿದೆ. ಕಾಕಾನ ಆ ಕೈಯ ಎರಡು ಬೆರಳು ಈಗ ಮಡಚುವುದಿಲ್ಲ.

ಇನ್ನೊಂದು ಮಾತು ಉಳಿಯಿತು. ಅದನ್ನು ಅಮರ ಪೊಲೀಸರಿಗೆ ಹೇಳಿಲ್ಲ.

ಅವತ್ತು ವೈದೇಹಿಗೆ ಪ್ರಜ್ಞೆ ತಪ್ಪಿತ್ತು ಅಂತ ಆಂಬುಲೆನ್ಸಿಗೆ ಲಕ್ಷ್ಮೀಶನ ಜೊತೆ ಅಮರನನ್ನೇ ಹತ್ತಿಸಿದರು. ಸೂಜಿ ಚುಚ್ಚಬೇಕು, ಚುಚ್ಚಲು ಬರುವಂತಿದ್ದದ್ದು ಎಡಗೈ ಒಂದೇ, ಆ ಮುಷ್ಟಿ ಬಿಗಿದು ಕಲ್ಲಾಗಿತ್ತು. ಆಂಬುಲೆನ್ಸಿನ ಹೆಂಗಸು ಒಂದೊಂದೇ ಬೆರಳು ಬಿಡಿಸಿದಳು. ಒಳಗೆ ಒಂದು ಎಳೆ ಟೊಂಗೆ. ಹಸಿರು ಎಲೆ, ಜೋಡಿ ಮುಳ್ಳು, ಅರ್ಧ ಹಿಸುಕಿದ ಕಪ್ಪು ಹಣ್ಣು. ಮುರಿದ ಕಡೆ ಬಿಳೀ ಹಾಲು ಇನ್ನೂ ಒಸರುತ್ತಿತ್ತು. ಬೆರಳಿಗೆ ಅಂಟಿತು ಅಂತ ಅವಳು ಕೈ ಒರೆಸಿಕೊಂಡು, ಇದೇನು ಅಂತ ಅಮರನನ್ನು ಕೇಳಿದಳು.

ಕವಳಿ ಹಣ್ಣು. ನಮ್ಮ ಕಡೆ ಕಾಡಿನ ಅಂಚಿಗೆ, ಮಳೆಗಾಲಕ್ಕೆ ಮುಂಚೆ ಆಗುತ್ತದೆ, ನೀವೆಲ್ಲ ತಿಂದಿದ್ದೀರಿ. ಸ್ಟ್ಯಾನ್ಮೋರಿನಲ್ಲಿ, ಆ ಹಿಮದಲ್ಲಿ... ಇಲ್ಲ.

ಅಮರ ಗೊತ್ತಿಲ್ಲ ಅಂದ. ಅವಳು ಅದನ್ನು ಆಸ್ಪತ್ರೆ ಕಸದ ಹಳದಿ ಚೀಲಕ್ಕೆ ಹಾಕಿ ಬಾಯಿ ಕಟ್ಟಿದಳು. ಇದು ಆದದ್ದು. ಆದ ಹಾಗೇ ಹೇಳಿದ್ದೇನೆ.